ಅತ್ತೆಯ ಸೀರೆ ಉಟ್ಟ ಉಪ್ಪಿನಕಾಯಿ

ಸಣ್ಣ ಕೈಗಾರಿಕೆ ನಡೆಸುವವರಿಗೆ ನನ್ನದೊಂದು ಉಚಿತ ಸಲಹೆ: ಪರಿಸರ ಉಳಿಸಲು ಹೊರಡುವ ಮುಂಚೆ ದನಗಳನ್ನು ನೆನೆಯಿರಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಟವಾಡಿಯಲ್ಲಿ ನನ್ನ ಉಪ್ಪಿನಕಾಯಿ ಘಟಕ. ಕುಣಿಗಲ್ಲಿನಲ್ಲಿ ಗೋದಾಮು ಇಟ್ಟಿದ್ದ ದೊಡ್ಡ ಖರೀದಿದಾರರು, "ಥರ್ಮಕೋಲು, ಪ್ಲಾಸ್ಟಿಕ್ ಇಲ್ದೆ ಮಾಲು ಕಳಿಸಿ. ಡೀಸೆಲ್ಲೂ ಉಳಿಸಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದರು. ಆ ಆರ್ಡರ್ ಹೋದರೆ ಘಟಕಕ್ಕೆ ಬೀಗ!

ನಾನು ಹೆದರುವ ಆಸಾಮಿಯೇ? ಗಾಜಿನ ಬಾಟಲಿಗಳನ್ನು ತೆರೆದ ಮರದ ಕ್ರೇಟುಗಳಲ್ಲಿಟ್ಟು, ನಡುವೆ ರಾಗಿಹುಲ್ಲು ತುರುಕಿಸಿದೆ. ಡೀಸೆಲ್ ಉಳಿಸಲು ಗುಬ್ಬಿಯ ಅಂಗಡಿಗೂ ಕುಣಿಗಲ್ಲಿನ ಗೋದಾಮಿಗೂ ಒಂದೇ ಟೆಂಪೊ, ಒಂದೇ ಟ್ರಿಪ್ಪು.

"ಹುಲ್ಲಾ? ಎಲ್ಲಾದ್ರೂ ಉಂಟೇನ್ರೀ?" ಎಂದಳು ಹೆಂಡತಿ ಸರೋಜ.

"ಇದು ಪರಿಸರಸ್ನೇಹಿ ಸರಬರಾಜು ಕಣೇ. ನಿಂಗರ್ಥ ಆಗಲ್ಲ ಬಿಡು!"

ಗುಬ್ಬಿಯ ಅಂಗಡಿಗೆ ಮಾಲು ಇಳಿಸಿ, ಡ್ರೈವರ್ ರಂಗಣ್ಣನ ಜೊತೆ ಪಕ್ಕದಲ್ಲೇ ಇದ್ದ ಅತ್ತೆಯ ಮನೆಗೆ ಕಾಫಿಗೆ ಹೋದೆ. ಹಿಂದಿರುಗಿದರೆ ಟೆಂಪೊ ಸುತ್ತ ದನಗಳ ಮಹಾಸಭೆ! ಹುಲ್ಲು ಸ್ವಾಹಾ. ಬೆತ್ತಲೆ ಬಾಟಲಿಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿವೆ.

"ಪರಿಸರಾನ ಪೂರಾ ಮೇಯ್ಕೊಂಡವೆ ಸಾ!" ಎಂದ ರಂಗಣ್ಣ.

ಅತ್ತೆ ಹೊರಗೆ ಬಂದರು. "ಏನ್ ಅಳಿಯಂದ್ರೇ, ನಮ್ಮೂರ್ ದನಗೋಳ್ಗೆ ಔತಣನಾ?" ಎಂದು ನಕ್ಕು, ಪಾತ್ರೆ ಮಾರುವವಳಿಗೆ ಕೊಡಲು ಎತ್ತಿಟ್ಟಿದ್ದ ಹಳೇ ಸೀರೆಗಳ ಗಂಟು ತಂದರು. "ತಗೊಳ್ಳಿ, ಬಾಟ್ಲಿಗೆ ಸುತ್ಕೊಳ್ಳಿ. ಬದಲಿಗೆ ಒಂದು ಸ್ಟೀಲ್ ಕೊಳಗ ತಂದ್ಕೊಡಿ."

"ಚೊಂಬು ಕೊಡ್ತೀನತ್ತೆ."

"ಕೊಳಗ! ಇಲ್ಲಾಂದ್ರೆ ತಿಂದ ದನಗೋಳ್ನೇ ಕೇಳಿ."

ಸಂತೆಯಲ್ಲೂ ಸೋಲದ ನಾನು ಸೋತೆ. ಸುದ್ದಿ ತಿಳಿದು ಬೀದಿಯ ಹೆಂಗಸರೆಲ್ಲ ಗಂಟು ಹೊತ್ತು ಬಂದರು. ಎಲ್ಲರಿಗೂ ಪಾತ್ರೆ ಕೊಡಲು ಒಪ್ಪಿಕೊಂಡೆ!

ಕುಣಿಗಲ್ಲಿನಲ್ಲಿ ಮಾಲು ನೋಡುವ ಅಧಿಕಾರಿ ಕ್ರೇಟಿನಿಂದ ಅತ್ತೆಯ ಗಿಳಿಹಸಿರು ಸೀರೆಯನ್ನು ಎಳೆದರು. ಅದು ಮುಗಿಯುತ್ತಲೇ ಇಲ್ಲ. ನಾನು ಮನಸ್ಸಿನಲ್ಲೇ ಘಟಕಕ್ಕೆ ಬೀಗ ಹಾಕಿದೆ.

"ಹಳೇ ಬಟ್ಟೆ ಮರುಬಳಕೆ! ಒಂದು ಬಾಟ್ಲಿನೂ ಒಡೆದಿಲ್ಲ! ಐಡಿಯಾ ಯಾರ್ದ್ರೀ?"

"ನಂದೇ ಸಾರ್" ಎಂದಿತು ನಾಲಿಗೆ, ನನ್ನನ್ನು ಕೇಳದೆ.

"ಇನ್ಮೇಲೆ ಪ್ರತಿ ಲೋಡೂ ಹೀಗೇ ಬರ್ಲಿ!"

ಘಟಕ ಉಳಿಯಿತು. ಅಬ್ಬಾ! ಅಷ್ಟು ಉದ್ದದ ಉಸಿರನ್ನು ನಾನು ಮದುವೆ ಮುಗಿದ ದಿನವೂ ಬಿಟ್ಟಿರಲಿಲ್ಲ.

ಆದರೆ ಪ್ರತಿ ಲೋಡಿಗೆ ಸೀರೆ? ಮುಂದಿನ ವಾರ ಘಟಕದ ಮಾಲೀಕನಾದ ನಾನು, ಜೇಬಿನಲ್ಲಿ ವಿಸಿಟಿಂಗ್ ಕಾರ್ಡು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಗುಬ್ಬಿಯ ಅದೇ ಬೀದಿಯಲ್ಲಿ ಕೂಗುತ್ತಿದ್ದೆ: "ಹಳೇ ಸೀರೆಗೆ ಪಾತ್ರೇ..."

ಮೊದಲು ಬಾಗಿಲು ತೆರೆದವರು ಅತ್ತೆ. ಕೊಳಗವನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದರು:

"ತೆಳ್ಳಗದೆ. ಪಾತ್ರೆಯವಳೇ ವಾಸಿ!"