ಬಚ್ಚಲಮನೆಯಲ್ಲಿ ಸ್ವಿಚ್ ಇರುವ ಕರೆಂಟ್ ಒಲೆಯವರಿಗೆ

ಮಾನ್ಯ ಕರೆಂಟ್ ಒಲೆಯವರೇ,

ಪಾತ್ರೆಯಿಡುವ ನಾಲ್ಕು ಬಿಸಿ ತಟ್ಟೆ, ಒಂದು ಓವನ್ ಸಮೇತ ನಮ್ಮ ಅಡುಗೆಮನೆಗೆ ಚಿತ್ತೈಸಿ, ಅರ್ಧ ಜಾಗ ನುಂಗಿ, ಇದುವರೆಗೆ ಒಂದು ಊಟವನ್ನೂ ನೆಟ್ಟಗೆ ಬೇಯಿಸದೆ ವಿರಾಜಮಾನರಾಗಿರುವ ತಮಗೆ ಮನೆಮಂದಿಯೆಲ್ಲರ ಸವಿನಯ ನಮಸ್ಕಾರಗಳು.

ತಮ್ಮನ್ನು ಬರಮಾಡಿಕೊಂಡದ್ದು ಷೋಕಿಗಲ್ಲ. ಜ್ವರ ಬಂದು ಹೋದ ಮೇಲೆ ನಮ್ಮಮ್ಮನಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಒಂದು ದಿನ ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಮರೆತು, ಅಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಬಂದು ಕಿಟಕಿ ತೆರೆದೆ. ಅಂದಿನಿಂದ ಅಪ್ಪ ಅವಳನ್ನು ಒಲೆಯ ಹತ್ತಿರ ಸುಳಿಯಗೊಡುವುದಿಲ್ಲ. ನಾನು ಅಡುಗೆ ಮಾಡುತ್ತೇನೆ, ಅವಳು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ನಾನು ಈರುಳ್ಳಿ ಹೆಚ್ಚುವ ಚೆಂದ ನೋಡಿ ಮುಖ ತಿರುಗಿಸುತ್ತಾಳೆ. ನನಗದು ನೋಡಲಾಗದೆ, ಗ್ಯಾಸಿನ ಗೊಡವೆಯಿಲ್ಲದ ತಮ್ಮನ್ನು ತರಿಸಿದೆ.

ತಮ್ಮ ಜೊತೆ ಬಂದ ಪುಸ್ತಕದಲ್ಲಿದ್ದ ಬೇಡಿಕೆಗಳು ಬೀಗರ ಬೇಡಿಕೆಗಳನ್ನೂ ಮೀರಿಸಿದವು: ಮೇನ್ ಬೋರ್ಡಿನಿಂದ ತಮಗೊಬ್ಬರಿಗೇ ಬೇರೆ ಲೈನ್, ದಪ್ಪ ತಾಮ್ರದ ವೈರು, ಮೂವತ್ತೆರಡು ಆಂಪಿಯರಿನ ಸ್ವಂತ ಎಂಸಿಬಿ, ಗಟ್ಟಿ ಅರ್ತಿಂಗ್, ಪಕ್ಕದಲ್ಲೇ ಕೈಗೆಟುಕುವ ಸ್ವಿಚ್. ಸರ್ವಜ್ಞಾನಿಗಳಾದ ನಮ್ಮ ಭಾವ ಇದನ್ನೋದಿ, "ಕಂಪನಿಯವ್ರು ಸುಮ್ನೆ ಹೆದರಿಸ್ತಾರೆ ಬಿಡಿ, ಗೀಸರೂ ಬಿಸಿ ಮಾಡುತ್ತೆ, ಒಲೆನೂ ಬಿಸಿ ಮಾಡುತ್ತೆ" ಎಂದು ಅಪ್ಪಣೆ ಕೊಡಿಸಿ, ಗೋಡೆಯಾಚೆಯ ಬಚ್ಚಲಿನ ಗೀಸರ್ ಲೈನಿಗೇ ತಮ್ಮನ್ನು ಗಂಟು ಹಾಕಿದರು. ಹೀಗಾಗಿ ತಮ್ಮ ಸ್ವಿಚ್ ಬಚ್ಚಲಲ್ಲಿ. ಅಪ್ಪ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡರೆಂದರೆ ಬೇಳೆ ಬೇಯುವುದೂ ಬಿಡುವುದೂ ಅವರ ಮರ್ಜಿ. ಇತ್ತ ನಾವು ತಮ್ಮ ಎರಡನೆಯ ತಟ್ಟೆ ಹಚ್ಚಿದೆವೆಂದರೆ ಎಂಸಿಬಿ ಟಪ್ಪೆಂದು ಬಿದ್ದು, ಅವರು ಮೈತುಂಬ ಸೋಪಿನೊಂದಿಗೆ ತಣ್ಣೀರಿನಡಿ ನಿಂತು ನಮ್ಮೆಲ್ಲರ ಜನ್ಮ ಜಾಲಾಡುತ್ತಾರೆ.

ಇಷ್ಟಾದರೂ ಅಮ್ಮ ಖುಷಿಯಾಗಿ ಒಂದೇ ತಟ್ಟೆಯಲ್ಲಿ ಸಾರಿಗಿಟ್ಟಳು. ಅವತ್ತು ಸ್ವಿಚ್ ಕರಗಿತು. ಸುಟ್ಟ ವಾಸನೆ ಬೀದಿಯವರೆಗೂ ಹೋಯಿತು, ಗೋಡೆಯ ಈಚೆಗೇ ಇದ್ದ ಅಮ್ಮನಿಗೆ ಬರಲಿಲ್ಲ. ನಾನು ಓಡಿಹೋಗಿ ಮೇನ್ ಆಫ್ ಮಾಡಿದೆ.

ಕಡೆಗೆ ಕರೆಸಿದ ವೈರಿಂಗಿನವರು ತಮ್ಮ ಸಂಪರ್ಕ ಕಿತ್ತು, ನಡುಮನೆಯ ಗೋಡೆ ಕೊರೆದು ಹೊಸ ಲೈನ್ ಎಳೆಯಬೇಕೆಂದರು. ಈಚೆಗಷ್ಟೇ ಬಣ್ಣ ಕಂಡ ಗೋಡೆಯನ್ನು ಮುಟ್ಟಗೊಡೆನೆಂದು ಅಪ್ಪ. ಕೊರೆಯದೆ ಗೋಡೆಯ ಮೇಲಿಂದಲೇ ವೈರಿನ ಪೈಪು ಎಳೆದರೆ ಅಂದಗೆಡುತ್ತದಂತೆ. ಆದಕಾರಣ, ತಾವು ದೊಡ್ಡ ಮನಸ್ಸು ಮಾಡಿ, ಮೊಬೈಲ್ ಚಾರ್ಜರಿನ ಪ್ಲಗ್ಗಿನಲ್ಲೇ ಸಂಸಾರ ತೂಗಿಸುವುದನ್ನು ಕಲಿಯಬೇಕಾಗಿ, ಅದಾಗದಿದ್ದರೆ ವೈರೇ ಇಲ್ಲದೆ ಕೇವಲ ನಮ್ಮ ಪ್ರೀತಿಯಿಂದ ಕಾಯಬೇಕಾಗಿ ಪ್ರಾರ್ಥನೆ.

ಇತಿ, ಅರೆಬೆಂದ ಅನ್ನದಾಣೆಗೂ ತಮ್ಮ ವಿಶ್ವಾಸಿ,
ಈ ಮನೆಯ ಕಿರಿಮಗಳು

ತಾ.ಕ.: ಪ್ರಾರ್ಥನೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಈಗಷ್ಟೇ ಅಮ್ಮ ವೈರಿಂಗಿನವರಿಂದ ಮೇನ್ ಆಫ್ ಮಾಡಿಸಿ, ಕೊರೆಯಬೇಕಾದಲ್ಲಿ ಗೆರೆ ಹಾಕಿಸಿ, ತಾನೇ ಉಳಿ ಸುತ್ತಿಗೆ ಹಿಡಿದು ಆ ಗೋಡೆಗೆ ಮೊದಲ ಏಟು ಹಾಕಿದಳು. ಅಪ್ಪ ಓಡಿಬಂದು ಬಣ್ಣವನ್ನು ನೋಡಿ, ಗೋಡೆಯನ್ನು ನೋಡಿ, ಊಟದ ಗತಿ ಏನೆಂದು ಕೇಳಿದರು. "ನಿಮ್ಮ ಮೂಗು ಚೆನ್ನಾಗಿದೆಯಲ್ಲ, ಇವತ್ತು ನೀವೇ ಮಾಡಿ" ಎಂದಳು.