ಕಣ್ಣು ಮುಚ್ಚಿ ಆಡಿದ ಮಾತು

ಎದುರಿಗೆ ನಿಂತು ಜಗಳವಾಡುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ನಲ್ಲಿ ರಿಪೇರಿಯವನು ಮೂರು ದಿನ ಕೈಕೊಟ್ಟು ನಾಲ್ಕನೆಯ ದಿನ ಬಂದರೆ ಅವನಿಗೆ ಚಹಾ ಮಾಡಿಕೊಡುವವಳು ನಾನು. ಇಂಥವಳು ಕೈ ಜೋಡಿಸಿ, ಕಣ್ಣು ಮುಚ್ಚಿ, ದೇವರ ಮುಂದೆಯೇ ಒಬ್ಬರನ್ನು ಚುಚ್ಚಿಬಿಟ್ಟೆ.

ನಮ್ಮ ಕನ್ನಡ ಚರ್ಚಿನ ಸಭೆಯವರು ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಆ ವಾರ ಘಾಟ್ಕೋಪರಿನ ನಮ್ಮ ಮನೆಯ ಸರದಿ. ಗದಗಿನ ಕಡೆಯ ಸುಲೋಚನಕ್ಕನ ಪ್ರಾರ್ಥನೆಯೆಂದರೆ ಸ್ಲೋ ಲೋಕಲ್ ರೈಲು. ಒಂದು ಸ್ಟೇಷನ್ನನ್ನೂ ಬಿಡುವುದಿಲ್ಲ. ಒಳಗೆ ನನ್ನ ಉಪ್ಪಿಟ್ಟು ಆರಿ ಗಟ್ಟಿಯಾಗುತ್ತಿತ್ತು. ಅವರು ಮುಗಿಸಿದ ಮೇಲೆ ನಾನು, "ಕರ್ತನೇ, ಅಷ್ಟು ದೂರದ ಬೊರಿವಲಿಯವರೆಗೂ ಹೋಗಬೇಕಾದವರು ನಮ್ಮ ನಡುವೆ ಇದ್ದಾರೆ. ಅವರ ಕಷ್ಟ ತಿಳಿಯುವ ಮನಸ್ಸನ್ನು ಎಲ್ಲರಿಗೂ ಕೊಡು" ಎಂದುಬಿಟ್ಟೆ. ಅಂದಿನಷ್ಟು ಜೋರಾದ ಆಮೆನ್ ನಮ್ಮ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಸುಲೋಚನಕ್ಕ ಉಪ್ಪಿಟ್ಟು ಮುಟ್ಟದೆ ಚಪ್ಪಲಿ ಮೆಟ್ಟಿ ಹೊರಟರು.

ಮುಂದಿನ ಭಾನುವಾರವೇ ಚರ್ಚಿನಲ್ಲಿ ಪ್ರಭು ಭೋಜನ, ತಿಂಗಳಿಗೊಮ್ಮೆ ಎಲ್ಲರೂ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಮನಸ್ತಾಪವಿದ್ದವರು ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ ಎಂದು ಪಾದ್ರಿ ಅಯ್ಯನವರು ಪ್ರತಿ ತಿಂಗಳೂ ಹೇಳುತ್ತಾರೆ. ನಾನು ಪ್ರತಿ ತಿಂಗಳೂ ಪಕ್ಕದವರನ್ನು ನೋಡುತ್ತಿದ್ದೆ. ಈಗ ಪಕ್ಕದವರು ನೋಡಬೇಕಾದದ್ದು ನನ್ನನ್ನೇ. ಆ ವಾರವೆಲ್ಲ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. "ಒಂದು ಫೋನ್ ಮಾಡು ಮಾರಾಯ್ತಿ, ನನ್ನ ಬಿ.ಪಿ. ಆದರೂ ಉಳೀಲಿ" ಎಂದರು ನಮ್ಮವರು. ನಂಬರ್ ಒತ್ತುವುದು, ರಿಂಗ್ ಆದಕೂಡಲೇ ಕಟ್ ಮಾಡುವುದು. ಕೊನೆಗೆ ಶುಕ್ರವಾರ ಚೆಂಬೂರಿನ ಅವರ ಮನೆಗೇ ಹೋದೆ.

"ನಾಕು ಮಿಸ್ಡ್ ಕಾಲ್ ಕೊಟ್ಟೀರಿ. ಮಾತಾಡಿದ್ರ ಏನ್ ನಾಲಿಗಿ ಸವೀತಿತ್ತೇನ್ರಿ?" ಎಂದರು ಸುಲೋಚನಕ್ಕ ಬಾಗಿಲಲ್ಲೇ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮಾಪಣೆಗೆ ಅವರು ಎಡೆಯನ್ನೇ ಕೊಡಲಿಲ್ಲ. "ಕುಂದರ್ರಿ, ಮೊದಲ ಪ್ರಾರ್ಥನಿ ಮಾಡೂಣು" ಎಂದು ಅವರು ಶುರುಮಾಡಿಯೇಬಿಟ್ಟರು. ನನ್ನ ಶುಗರ್, ನಮ್ಮವರ ಮೊಣಕಾಲು, ಮಗಳ ಇಂಟರ್‌ವ್ಯೂ, ಕಡೆಗೆ ನಮ್ಮ ಅಡುಗೆಮನೆಯ ಸೋರುವ ನಲ್ಲಿ. ನಾನು ಯಾವಾಗಲೋ ಹೇಳಿ ಮರೆತದ್ದೆಲ್ಲ ಅವರ ಬಾಯಲ್ಲಿತ್ತು. ಪ್ರಾರ್ಥನೆ ಉದ್ದವಾಗದೆ ಇನ್ನೇನಾಗುತ್ತದೆ! ನನ್ನ ಸರದಿ ಬಂದಾಗ, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ ಅವರ ತಂಗಿಯ ಹೆಸರೇ ನನಗೆ ನೆನಪಾಗಲಿಲ್ಲ. ಕಣ್ಣು ತೆರೆದು ಕೇಳಬೇಕಾಯಿತು.

"ಸುಗುಣಾ" ಎಂದರು, ಕಣ್ಣು ಮುಚ್ಚಿಕೊಂಡೇ.

"ಅಕ್ಕಾ, ಅವತ್ತು ನಾನು ಹೇಳಿದ್ದು ದೇವರಿಗಲ್ಲ, ನಿಮಗೆ. ತಪ್ಪಾಯ್ತು."

"ಗೊತ್ತೈತ್ರಿ. ಬೊರಿವಲಿ ಗಾಡಿ ಚಿಂತಿ ದೇವರಿಗ್ಯಾಕ?" ಎಂದು ನಕ್ಕು, ನನ್ನ ಕೈ ಹಿಡಿದುಕೊಂಡರು. ಆ ಭಾನುವಾರ ಇಬ್ಬರೂ ಒಟ್ಟಿಗೇ ಮೊಣಕಾಲೂರಿದೆವು.

ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು, ಕಾಯಿಲೆ, ಕಷ್ಟ ಬರೆದಿಟ್ಟು, ಯಾರನ್ನೂ ಬಿಡದೆ ಪ್ರಾರ್ಥಿಸುತ್ತೇನೆ. ಮೊನ್ನೆ ಶನಿವಾರ ಹದಿನೇಳನೆಯ ಹೆಸರಿಗೆ ಬಂದಿದ್ದೆ, ಯಾರೋ ಕೆಮ್ಮಿದರು. ಅರೆಗಣ್ಣು ತೆರೆದು ನೋಡಿದರೆ ಸುಲೋಚನಕ್ಕ, ಗೋಡೆಯ ಗಡಿಯಾರ ನೋಡುತ್ತಿದ್ದಾರೆ! ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ, ಪ್ರಭು ಭೋಜನಕ್ಕೆ ಇನ್ನೂ ಮೂರು ವಾರವಿದೆ.