ಮೇ ತಿಂಗಳಲ್ಲಿ ಚೋಕ್ ಎಳೆದವಳು

ಕಾರು ಓಡಿಸುವುದು ಎಷ್ಟರ ವಿದ್ಯೆ? ಇಂಗ್ಲಿಷ್ ಓದಲು ಬಂದರೆ ಸಾಕು ಎಂದು ಆಗ ನಾನು ದೃಢವಾಗಿ ನಂಬಿದ್ದೆ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ! ಅಚ್ಚಾದದ್ದೆಲ್ಲ ಸತ್ಯ, ಇಂಗ್ಲಿಷಿನಲ್ಲಿ ಅಚ್ಚಾದದ್ದು ಪರಮಸತ್ಯ ಎಂದು ಸಿಸ್ಟರುಗಳು ನಮಗೆ ಕಲಿಸಿ ಕಳಿಸಿದ್ದರು. ನಮ್ಮವರು ಕೊಂಡ ಹಳೆಯ ಕಾರಿನ ಡಿಕ್ಕಿಯಲ್ಲಿ ಅದರ ಮ್ಯಾನ್ಯುಯಲ್ ಸಿಕ್ಕಿತು. ಯಾವ ದೊರೆ ಬರೆದಿದ್ದನೋ, ಭಾಷೆ ಬ್ಯೂಟಿಫುಲ್! ಪ್ರಾರ್ಥನೆಯ ಪುಸ್ತಕದಂತೆ ಪುಟ ಪುಟವನ್ನೂ ಬಾಯಿಪಾಠ ಮಾಡಿದೆ.

ಎಪ್ಪತ್ತರ ದಶಕದ ಮಧುಗಿರಿ. ಮಿಡಿಗೇಶಿ ಹೈಸ್ಕೂಲಿನವರು ಇಂಗ್ಲಿಷ್ ಹೇಳಿಕೊಡಲು ಬನ್ನಿ ಎಂದು ಮನೆಗೇ ಬಂದು ಕೇಳಿದ್ದರು. ನನಗೆ ನಿದ್ದೆಯಲ್ಲೂ ಕರಿಹಲಗೆ ಕಾಣುತ್ತಿತ್ತು. ಆದರೆ ಸಂಜೆ ಅಲ್ಲಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಜನ ಟಾಪಿನ ಮೇಲೂ ಕೂತಿರುತ್ತಿದ್ದರು.

"ನನ್ನ ಹೆಂಡ್ತಿ ಆ ಬಸ್ಸಲ್ಲಿ ಜೋತಾಡಿಕೊಂಡು ಬರೋದು ಬೇಡ," ಎಂದರು ನಮ್ಮವರು. "ಲೈಸೆನ್ಸ್ ತಗೋ ಸುಶೀ, ಕಾರಲ್ಲಿ ಹೋಗಿ ಬಾ. ನಾನು ಬೇಡ ಅಂದ್ರೆ ಆಗ ಕೇಳು."

ಎಂಥ ಔದಾರ್ಯ! ಆ ಸುತ್ತಿನಲ್ಲಿ ಹೆಂಗಸೊಬ್ಬಳ ಕೈಗೆ ಲೈಸೆನ್ಸ್ ಬಂದದ್ದನ್ನು ಯಾರೂ ಕಂಡಿರಲಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಎಲ್ ಬೋರ್ಡ್ ಕಟ್ಟಿಕೊಂಡು ದಿನಾ ಬೆಳಗ್ಗೆ ಕೆರೆ ಏರಿಯ ಮೇಲೆ ಅಭ್ಯಾಸ ಮಾಡಿದೆ. ಕುರಿ, ಎಮ್ಮೆ, ಎತ್ತಿನಗಾಡಿ, ಒಂದಕ್ಕೂ ತಾಗಿಸಲಿಲ್ಲ. ಫ್ರ್ಯಾಂಕ್ಲಿ, ನಮ್ಮವರಿಗಿಂತ ಚೆನ್ನಾಗಿಯೇ ಓಡಿಸುತ್ತಿದ್ದೆ.

ಲೈಸೆನ್ಸ್ ಕೊಡುವ ಬ್ರೇಕ್ ಇನ್‌ಸ್ಪೆಕ್ಟರು ಆಗೀಗ ನಮ್ಮೂರಿನ ಪ್ರವಾಸಿ ಬಂಗಲೆಗೆ ಕ್ಯಾಂಪು ಬರುತ್ತಿದ್ದರು. ಶಾಲೆ ತೆರೆಯುವ ಮುಂಚಿನ ಕೊನೆಯ ಕ್ಯಾಂಪು ಮೇ ತಿಂಗಳಲ್ಲಿತ್ತು. ಅವತ್ತು ಪಾಸಾದರೆ ಮಿಡಿಗೇಶಿ, ಇಲ್ಲದಿದ್ದರೆ ಹುರುಳಿಕಾಳು ಆರಿಸುವ ಕೆಲಸ ಇದ್ದೇ ಇತ್ತು. ನಮ್ಮವರೇ ಕಾರು ತಂದು ಬಂಗಲೆಯ ಅಂಗಳದಲ್ಲಿ ನಿಲ್ಲಿಸಿದರು. ನೆತ್ತಿಯ ಮೇಲೆ ಸೂರ್ಯ. ಎದುರಿಗೆ ಕೋಟೆಯ ಬಂಡೆ ರೊಟ್ಟಿ ಹೆಂಚಿನಂತೆ ಕಾದಿತ್ತು. ಇನ್‌ಸ್ಪೆಕ್ಟರು ಮಜ್ಜಿಗೆ ಲೋಟ ಹಿಡಿದುಕೊಂಡೇ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಹೂಂ, ಸ್ಟಾರ್ಟ್ ಮಾಡಿಮ್ಮ."

ಗಾಬರಿಯಲ್ಲಿ ನನ್ನ ತಲೆಯೊಳಗೆ ಮ್ಯಾನ್ಯುಯಲ್ಲಿನ ಮೊದಲನೆಯ ಪುಟ ತಾನಾಗಿ ತೆರೆದುಕೊಂಡಿತು: ಎಂಜಿನ್ ತಣ್ಣಗಿದ್ದರೆ ಚೋಕನ್ನು ಪೂರ್ತಿ ಎಳೆಯತಕ್ಕದ್ದು! ಎಳೆದೆ. ಮೇ ತಿಂಗಳ ಮಧುಗಿರಿಯಲ್ಲಿ, ಮುಟ್ಟಿದರೆ ಬೊಬ್ಬೆ ಬರುವ ಎಂಜಿನ್ನಿಗೆ, ಲಂಡನ್ನಿನ ಹಿಮಕ್ಕೆಂದು ಹೇಳಿದ್ದ ಉಪಚಾರ! ಚೋಕ್ ಎಳೆದರೆ ಒಳಗೆ ಹೋಗುವ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ. ಕೀ ತಿರುಗಿಸಿದೆ. ಎಂಜಿನ್ ಅರಚಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಅರಚಿತು.

"ಪೆಟ್ರೋಲ್ ಹೋಗ್ತಿಲ್ಲ ಕಣೇ! ಆಕ್ಸಿಲರೇಟರ್ ತುಳಿ!" ಕಿಟಕಿಯ ಹೊರಗಿಂದ ನಮ್ಮವರ ಕೂಗು.

ತುಳಿದೆ. ಪತಿವ್ರತೆಯಂತೆ ತುಳಿದೆ. ಒಂದೊಂದು ತುಳಿತಕ್ಕೂ ಇನ್ನಷ್ಟು ಪೆಟ್ರೋಲು ಒಳಗೆ ಸುರಿಯಿತು.

"ಪೆಟ್ರೋಲ್ ವಾಸ್ನೆ ಅಡುಗೆಮನೆಗಂಟ ಬತ್ತೈತೆ, ಇವ್ರು ಓಗ್ತಿಲ್ಲ ಅಂತಾರಲ್ಲ!" ಎಂದ ಬಂಗಲೆ ನೋಡಿಕೊಳ್ಳುವ ಮೇಟಿ ನರಸಿಂಹಪ್ಪ.

ಕುರಿಮಂದೆಯನ್ನು ಬೇವಿನ ನೆರಳಿಗೆ ಬಿಟ್ಟು ಕುರಿ ಕಾಯುವ ಈರಣ್ಣನೂ ಬಂದು ಬಗ್ಗಿ ನೋಡಿದ. "ಒಟ್ಟೆ ಉಬ್ಬರ ಕಣಮ್ಮ ಇದು. ನಮ್ ಕುರೀಗೂ ಇಂಗೇ ಆಯ್ತದೆ. ನಾಕು ಜನ ಸೇರಿ ನೂಕ್ಬುಟ್ರೆ ಸರಿ ಓಯ್ತದೆ."

ಯಾರೂ ಹೂಂ ಅನ್ನುವ ಮೊದಲೇ ನೂಕಿಬಿಟ್ಟರು! ನಾನು ತಟ್ಟನೆ ಕ್ಲಚ್ ಬಿಟ್ಟೆ. ಕಾರು ಒಮ್ಮೆ ಜಿಗಿದು ನಿಂತಿತು. ಮಜ್ಜಿಗೆ ನಿಲ್ಲಲಿಲ್ಲ. ಇನ್‌ಸ್ಪೆಕ್ಟರರ ಪ್ಯಾಂಟಿನ ಮೇಲೆ ಕರಿಬೇವು, ಕೊತ್ತಂಬರಿ!

ಆಗ, ಗಾಡ್ ಈಸ್ ಗ್ರೇಟ್, ಮ್ಯಾನ್ಯುಯಲ್ಲಿನ ಇನ್ನೊಂದು ಪುಟ ನೆನಪಾಯಿತು. ಪೆಟ್ರೋಲು ತುಂಬಿ ಪ್ಲಗ್ಗು ನೆನೆದಿದ್ದರೆ ಚೋಕನ್ನು ಒಳಗೆ ತಳ್ಳಿ, ಬಾನೆಟ್ ತೆರೆದು, ಸುಮ್ಮನೆ ಬಿಡಬೇಕು. ಆಮೇಲೆ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು.

"ಯಾರೂ ಮುಟ್ಟಬೇಡಿ!" ಎಂದೆ. "ಸ್ವಲ್ಪ ಹೊತ್ತು ಸುಮ್ಮನೆ ಇರಬೇಕು."

"ಕಾರೇನು ಬಾಣಂತಿನಾ, ರೆಸ್ಟು ಕೊಡೋಕೆ?" ಎಂದರು ಇನ್‌ಸ್ಪೆಕ್ಟರು, ಪ್ಯಾಂಟಿನಿಂದ ಕರಿಬೇವು ತೆಗೆಯುತ್ತ. ಎಲ್ಲರೂ ನಕ್ಕರು. ನಮ್ಮವರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ನಾನು ಚೋಕ್ ಒಳಗೆ ತಳ್ಳಿ, ಬಾನೆಟ್ ತೆರೆದು, ಹಲ್ಲು ಕಚ್ಚಿ ಕಾದೆ. ಪೆಟ್ರೋಲ್ ವಾಸನೆ ಕಮ್ಮಿಯಾಯಿತು. ಆಕ್ಸಿಲರೇಟರನ್ನು ಒತ್ತಿ ಹಿಡಿದು ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು! ಇನ್ನೊಮ್ಮೆ ತಿರುಗಿಸಿದೆ. ಎರಡು ಸಲ ಕೆಮ್ಮಿ ಕರಿಹೊಗೆ ಬಿಟ್ಟಿತು. ಇನ್ನೊಂದೇ ಒಂದು ಸಲ!

"ಇಳಿ, ಇಳಿ, ಬ್ಯಾಟರಿ ತಿಂದು ಹಾಕ್ತೀಯ," ಎಂದು ನಮ್ಮವರು ಬಾಗಿಲು ತೆರೆದರು. ಇಳಿದೆ. ಅವರು ಕೂತು, ಕೋಪದಲ್ಲಿ ಆಕ್ಸಿಲರೇಟರನ್ನು ತಳದವರೆಗೆ ಒದ್ದು, ಕೀ ತಿರುಗಿಸಿದರು.

ಗುರ್ರ್ ಎಂದು ಹತ್ತಿಕೊಂಡಿತು! ಈರಣ್ಣ ಶಿಳ್ಳೆ ಹಾಕಿದ. ನರಸಿಂಹಪ್ಪ, "ನೋಡಿ, ಬುದ್ಯೋರು ಕೂತೇಟ್ಗೇ ಎಂಗ್ ಬಂತು!" ಎಂದ.

"ಎಷ್ಟೇ ಆಗ್ಲಿ ಗಂಡಸರ ಕಾಲು," ಎಂದರು ಇನ್‌ಸ್ಪೆಕ್ಟರು.

ನನಗೆ ಅಳು ಬಂದರೆ ಇಂಗ್ಲಿಷೂ ಬರುತ್ತದೆ. ಎಂಜಿನ್ನಿನ ಪೆಟ್ರೋಲನ್ನು ಆಗಲೇ ತೆರವು ಮಾಡಿದವಳು ನಾನು, ಅದು ಯಾರು ಕೀ ತಿರುಗಿಸಿದರೂ ಹತ್ತುತ್ತಿತ್ತು, ದಿಸ್ ಈಸ್ ನಾಟ್ ಫೇರ್ ಸರ್ ಎಂದು ವ್ಯಾಕರಣ ತಪ್ಪದೆ ವಾದಿಸಿದೆ.

"ಇಂಗ್ಲಿಷಲ್ಲಿ ಫಸ್ಟ್ ಕ್ಲಾಸ್ ಪಾಸು ಮೇಡಂ! ಡ್ರೈವಿಂಗಲ್ಲಿ ಫೇಲು. ಗಾಡಿ ಸ್ಟಾರ್ಟ್ ಮಾಡಕ್ಕೇ ಬರಲ್ಲ ಅಂದ್ಮೇಲೆ ಓಡಿಸೋದೇನು ನೋಡೋದು? ಮುಂದಿನ ಕ್ಯಾಂಪಿಗೆ ಬನ್ನಿ," ಎಂದು ಅವರು ಊಟಕ್ಕೆ ಎದ್ದರು.

ಮುಂದಿನ ಕ್ಯಾಂಪಿನವರೆಗೆ ಹೈಸ್ಕೂಲು ಕಾಯುತ್ತದೆಯೇ? ಯಾರೋ ಒಬ್ಬ ಮೇಷ್ಟ್ರನ್ನು ಹಾಕಿಕೊಳ್ಳುತ್ತಾರೆ. ಅವರು ಬಸ್ಸಿನ ಟಾಪಿನ ಮೇಲೆ ಕೂತು ಬಂದರೂ ಮಾನ ಹೋಗುವುದಿಲ್ಲ.

ಮನೆಗೆ ವಾಪಸ್ಸು ಹೊರಟೆವು. ನಮ್ಮವರು ಹಾಡು ಗುನುಗುತ್ತ ಓಡಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ, "ಎಲೆ ಅಡಿಕೆ ತರ್ತೀನಿ. ಎಂಜಿನ್ ಆಫ್ ಮಾಡಲ್ಲ, ನೀನು ಏನೂ ಮುಟ್ಟಬೇಡ," ಎಂದು ಇಳಿದು ಹೋದರು. ಕಾರು ಸುಖವಾಗಿ ಗುಟುರು ಹಾಕುತ್ತಿತ್ತು. ಡ್ರೈವರ್ ಸೀಟು ಖಾಲಿ. ಹಿಂದಿನಿಂದ ಪಾವಗಡದ ಬಸ್ಸು ಬಂದು ಪೋಂ ಪೋಂ ಎಂದು ಹಾರನ್ ಹೊಡೆಯತೊಡಗಿತು. ನಾವು ಅದರ ದಾರಿಗೆ ಅಡ್ಡ. ಅದು ಮಿಡಿಗೇಶಿಯ ದಾರಿಯೂ ಹೌದು.

ಕಂಡಕ್ಟರ್ ಇಳಿದು ಬಂದು ಕಿಟಕಿಗೆ ಬಗ್ಗಿದ. "ಅಮ್ಮಾ, ಒಸಿ ಗಾಡಿ ಮುಂದಕ್ ತಗೀರಮ್ಮ! ಚಾಲೂನಲ್ಲೇ ಐತಲ್ಲ!"

ನಾನು ಸೆರಗು ಸರಿಮಾಡಿಕೊಂಡೆ.

"ನಂಗೆ ಡ್ರೈವಿಂಗ್ ಬರಲ್ಲಪ್ಪ. ನಮ್ಮ ಯಜಮಾನ್ರು ಬರ್ತಾರೆ, ತಡಿ."

ಕಂಡಕ್ಟರ್ ತಕ್ಷಣ ನಂಬಿಬಿಟ್ಟ!